ಆದ್ರೂ ಫಾದರ್ ಮತ್ತು ಬಾಯ್ಲರಿಗೆ ನೇತುಹಾಕಿದ ಇಸ್ತ್ರಿಪೆಟ್ಟಿಗೆ

ಹಾಂ, ಆದ್ರೂ ಫಾದರ್ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ಹೇಳುವಷ್ಟರಲ್ಲಿ ಮಾತು ಎಲ್ಲೆಲ್ಲೋ ಹೋಗಿಬಿಟ್ಟಿತಲ್ಲ. ಹೆಸರಿಟ್ಟವರು ಅವರು ಕೆಲಸ ಮಾಡುವ ಲಾಂಡ್ರಿಯ ಹೆಂಗಸರು. ಫಾದರ್ ಅವರನ್ನು ಏನೇ ಕೇಳಿ, ಮೊದಲು "ಹೌದು" ಅನ್ನುತ್ತಾರೆ, ಆಮೇಲೆ ಕಣ್ಣು ಚಾವಣಿಗೆ ಹೋಗುತ್ತೆ, ಆಮೇಲೆ "ಆದ್ರೂ..." ಶುರು. ಮಳೆ ಬರುತ್ತಾ ಫಾದರ್? ಬರಬಹುದು, ಆದ್ರೂ. ಸೋಪು ಸಾಕಾ ಫಾದರ್? ಸಾಕು, ಆದ್ರೂ. ಹೆಂಗಸರು ಎಷ್ಟು ದಿನ ಅಂತ ಸಹಿಸಿಕೊಂಡಾರು! ಒಂದು ಬೆಳಿಗ್ಗೆ ಯಾರೋ "ಆದ್ರೂ ಫಾದರ್ ಬಂದ್ರು, ಬಟ್ಟೆ ಗಂಟು ಬಿಚ್ಚಿ" ಅಂದರು, ಅದೇ ನಿಂತುಬಿಟ್ಟಿತು. ಈಗ ಬಿಷಪ್ಪರೂ ಹಿಂದಿನಿಂದ ಹಾಗೇ ಕರೆಯುತ್ತಾರಂತೆ.

ಇವರು ಅಂತಿಂಥ ಫಾದರ್ ಅಲ್ಲ ನೋಡಿ. ದೊಡ್ಡ ದೈವಶಾಸ್ತ್ರಿ. ದೈವಶಾಸ್ತ್ರ ಅಂದರೆ ದೇವರ ಬಗ್ಗೆ ಯಾರ್ಯಾರು ಏನೇನು ಹೇಳಿದ್ದಾರೆ, ಅದರಲ್ಲಿ ಯಾವ ಮಾತು ನಿಲ್ಲುತ್ತೆ, ಯಾವುದು ನಿಲ್ಲುವುದಿಲ್ಲ ಅಂತ ತೂಗಿ ನೋಡುವ ಓದು. ಇವರು ಹುಟ್ಟಿದ್ದು ಒಬ್ಬ ದರ್ಜಿಯ ಮನೆಯಲ್ಲಿ. ಅಪ್ಪನ ಹೊಲಿಗೆ ಯಂತ್ರದ ಕೆಳಗೆ, ಕತ್ತರಿಸಿದ ಬಟ್ಟೆ ಚೂರುಗಳ ಮೇಲೆ ಬೋರಲು ಮಲಗಿ ಓದಿದವರು. ಅಮ್ಮ ಬೇಗ ತೀರಿಕೊಂಡಿದ್ದರಿಂದ ತಲೆ ಬಾಚಿ, ಮೂಗು ಒರೆಸಿ, ಹಿಡಿದು ಬಡಿದು ಬೆಳೆಸಿದ್ದು ಅಕ್ಕ. ಅಕ್ಕ ಮುಂದೆ ನರ್ಸ್ ಆದಳು. ಮದುವೆ ಯಾಕಾಗಲಿಲ್ಲ ಅಂತ ಕೇಳಿದರೆ "ಇವನ ಮೂಗು ಒರೆಸೋದ್ರಲ್ಲೇ ಪುರುಸೊತ್ತು ಸಿಗ್ಲಿಲ್ಲ" ಅನ್ನುತ್ತಾಳೆ.

ತಮ್ಮನೋ, ಪಾದ್ರಿಯಾಗುವವರು ಓದುವ ಗುರುಮಠ ಸೇರಿದ, ದೂರದ ದೇಶಕ್ಕೆ ಹೋಗಿ ಇನ್ನಷ್ಟು ಓದಿದ, ವಾಪಸು ಬಂದು ಅದೇ ಗುರುಮಠದಲ್ಲಿ ಪಾಠ ಹೇಳುವವನಾದ. ಬಡವರ ಬಗ್ಗೆ ಒಂದು ದಪ್ಪ ಪುಸ್ತಕ ಬರೆದ. ಬಡವರು ಏನು ಹೇಳುತ್ತಾರೆ ಅಂತ ಮೊದಲು ಕೇಳಿಸಿಕೊಳ್ಳದೆ ಚರ್ಚು ದೇವರ ಬಗ್ಗೆ ಬಾಯಿ ಬಿಡಬಾರದು, ಇದು ಆ ಪುಸ್ತಕದ ಸಾರ. ಕೆಲವರು ಹೊಗಳಿದರು, ಕೆಲವರು ಹುಬ್ಬು ಗಂಟಿಕ್ಕಿದರು, ಅಕ್ಕ ಅದನ್ನು ಬಾಗಿಲು ಬಡಿದುಕೊಳ್ಳದ ಹಾಗೆ ಅಡ್ಡ ಇಟ್ಟಳು.

ಹೀಗೆ ಚೆನ್ನಾಗಿಯೇ ನಡೆಯುತ್ತಿದ್ದಾಗ ಒಂದು ದಿನ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತ. ತುಂಟತನಕ್ಕಲ್ಲ, ನಿಜವಾಗಿಯೂ ತಿಳಿಯಲಿಕ್ಕೆ ಕೇಳಿದ: "ಫಾದರ್, ನಿಮಗೆ ಯಾರಾದ್ರೂ ಬಡವರು ಪರಿಚಯ ಇದಾರಾ? ಅಂದ್ರೆ, ಅವರ ಮನೆಗೆ ಹೋಗಿ ಕೂತು ಮಾತಾಡೋ ಅಷ್ಟು?"

ಫಾದರ್ ಬಾಯಿ ತೆರೆದರು. "ಹೌದು" ಬರಲಿಲ್ಲ. "ಆದ್ರೂ" ಕೂಡ ಬರಲಿಲ್ಲ. ಗುರುಮಠದ ಅಡುಗೆಯವನ ನೆನಪಾಯಿತು. ದಿನಾ ಅವನ ಕೈಯೂಟ. ಅವನಿಗೆ ಮಕ್ಕಳಿದ್ದಾರೋ ಇಲ್ಲವೋ ಗೊತ್ತಿಲ್ಲ. ತಲೆಯೊಳಗೆ ಯಾರೋ ಹುಳ ಬಿಟ್ಟ ಹಾಗಾಯಿತು. ಕೊನೆಗೆ ಬಿಷಪ್ಪರ ಮುಂದೆ ಹೋಗಿ ನಿಂತರು.

"ಪುಸ್ತಕ ಬರೆದಾಯ್ತಲ್ಲ, ಇನ್ನೇನು?" ಅಂದರು ಬಿಷಪ್ಪರು.

"ಬರೆದಿದ್ದು ನಿಜಾನಾ ಅಂತ ನೋಡ್ಬೇಕು."

"ಮೊದಲು ನೋಡಿ ಆಮೇಲೆ ಅಲ್ವೇನಯ್ಯಾ ಬರೆಯೋದು?"

"ಹೌದು, ಆದ್ರೂ..."

ಬಿಷಪ್ಪರು ನಕ್ಕು, ಹೋಗಿ ಬಾ ಅಂದರು. ಹೋದವರು ಬರಲಿಲ್ಲ.

ದೊಡ್ಡ ಉಗಿ ಲಾಂಡ್ರಿ ಇದೆಯಲ್ಲ, ಅದರ ಹಿಂದಿನ ಬೀದಿಯಲ್ಲಿ ಚಪ್ಪಲಿ ರಿಪೇರಿ ಅಂಗಡಿಯ ಮೇಲೊಂದು ಬಾಡಿಗೆ ಮನೆ ಹಿಡಿದರು. ಎರಡು ಕೋಣೆ, ಕಿಟಕಿ ತೆರೆದರೆ ಲಾಂಡ್ರಿಯ ಚಿಮಣಿ, ಮುಚ್ಚಿದರೆ ಅಂಟಿನ ವಾಸನೆ. ಕೆಲಸ ಬಿಟ್ಟು ಸುಮ್ಮನಿದ್ದ ಅಕ್ಕನೂ ಪೆಟ್ಟಿಗೆ ಹಿಡಿದು ಬಂದಳು. "ಬಡವರ ಸೇವೆ ಮಾಡ್ತಾನಂತೆ. ಒಂದು ಮೊಟ್ಟೆ ಬೇಯಿಸೋಕೆ ಬರಲ್ಲ, ಮೊದಲು ಇವನ ಸೇವೆ ಯಾರು ಮಾಡ್ತಾರೆ?" ಅನ್ನುವುದು ಅವಳ ವಾದ.

ಫಾದರ್ ಬೆಳಗಿನ ಪಾಳಿಯಲ್ಲಿ ಲಾಂಡ್ರಿಯ ಕೆಲಸಕ್ಕೆ ಸೇರಿಕೊಂಡರು. ಹೌದು, ಕೂಲಿ ಕೆಲಸಕ್ಕೇ. ಆಸ್ಪತ್ರೆ ಮತ್ತು ಹೋಟೆಲುಗಳ ಕೊಳೆಬಟ್ಟೆಯ ಗಂಟುಗಳು ಹಿಂದಿನ ಗೇಟಿನಿಂದ ಒಳಗೆ ಬರುತ್ತವೆ. ಅವನ್ನು ಬಿಚ್ಚಿ, ಬಿಳಿದು ಬೇರೆ, ಬಣ್ಣದ್ದು ಬೇರೆ, ರಕ್ತ ಹತ್ತಿದ್ದು ಬೇರೆ ಮಾಡಬೇಕು. ಶುರುವಿನಲ್ಲಿ ಫಾದರ್ ಒಂದೊಂದು ದಿಂಬಿನ ಚೀಲ ಹಿಡಿದೂ ಧ್ಯಾನಕ್ಕೆ ಕೂತುಬಿಡುತ್ತಿದ್ದರಂತೆ: ಇದು ಬಿಳಿಯಾ, ಹಳದಿಯಾದ ಬಿಳಿಯಾ, ಇಲ್ಲ ಹುಟ್ಟಿದ್ದೇ ಹಳದಿಯಾ? "ಫಾದರ್, ಅದಕ್ಕೆ ಜ್ಞಾನಸ್ನಾನ ಕೊಟ್ಟು ಹೆಸರಿಡಬೇಡಿ, ಈ ಕಡೆ ಎಸೀರಿ!" ಅಂತ ಕೂಗಬೇಕಾಗುತ್ತಿತ್ತು.

ಆಸ್ಪತ್ರೆಯ ಬಟ್ಟೆಯಲ್ಲಿ ಸೂಜಿ ಬರುತ್ತಿದ್ದವು. ವಿಂಗಡಿಸುವವರ ಬೆರಳಿಗೆ ಚುಚ್ಚುತ್ತಿತ್ತು. ಯಾರೂ ಕೇಳುವವರಿರಲಿಲ್ಲ. ಫಾದರ್ ಆಸ್ಪತ್ರೆಗೆ ಹೋಗಿ ಮೇಲಧಿಕಾರಿಯ ಬಾಗಿಲ ಮುಂದೆ ಕೂತರು. ಕೂತೇ ಇದ್ದರು. ಬೈದು ಕಳಿಸೋಣ ಅಂದರೆ ಫಾದರ್, ಒಳಗೆ ಕರೆಯೋಣ ಅಂದರೆ "ಆದ್ರೂ" ಮುಗಿಯುವುದಿಲ್ಲ. ಕೊನೆಗೆ ದಪ್ಪ ಕೈಗವಸು ಬಂದವು, ಸೂಜಿಗೆ ಬೇರೆ ಡಬ್ಬಿ ಬಂತು. ಬಸುರಿ ಹೆಂಗಸರನ್ನು ಕೆಲಸದಿಂದ ತೆಗೆಯುವುದು ನಿಂತಿದ್ದೂ ಇವರು ಮ್ಯಾನೇಜರ ತಲೆ ತಿಂದಿದ್ದಕ್ಕೇ. ಮಧ್ಯಾಹ್ನದ ಮೇಲೆ ಮನೆಯಲ್ಲಿ ಕೂತು ಬರೆಯುತ್ತಾರೆ, ಬರೆದದ್ದನ್ನು ಚರ್ಚಿನ ದೊಡ್ಡ ಸಭೆಗಳಲ್ಲಿ ಓದುತ್ತಾರೆ. ದೇವರು ಅಂತ ಶುರುವಾಗಿದ್ದು ಒದ್ದೆ ಹಾಸುಬಟ್ಟೆಯ ತೂಕಕ್ಕೆ ಬಂದು ನಿಲ್ಲುತ್ತೆ ಅಂತ ಸಭೆಯವರ ದೂರು.

ಈಗ ಬಾಯ್ಲರಿನ ಕತೆಗೆ ಬರೋಣ. ಇದರಲ್ಲಿ ಒಂದು ಮಾತು ಮೊದಲೇ ಹೇಳಿಬಿಡಬೇಕು. ಫಾದರ್ ಆದವರ ಹತ್ತಿರ ಪಾಪನಿವೇದನೆಯಲ್ಲಿ, ಅಂದರೆ ಮಾಡಿದ ತಪ್ಪು ಒಪ್ಪಿಕೊಂಡು ದೇವರ ಕ್ಷಮೆ ಕೇಳುವಾಗ, ಹೇಳಿದ ಮಾತು ಅವರ ಬಾಯಿಂದ ಹೊರಗೆ ಬರುವ ಹಾಗಿಲ್ಲ. ಪ್ರಾಣ ಹೋದರೂ ಇಲ್ಲ. ಹೇಳಿಕೊಂಡವನಿಗೆ ಮಾತ್ರ ಅಂಥ ಕಟ್ಟು ಏನೂ ಇಲ್ಲ, ಅವನು ಬೇಕಾದರೆ ಬೀದಿಯಲ್ಲಿ ನಿಂತು ಸಾರಬಹುದು. ಇಲ್ಲಿ ಹೇಳಿಕೊಂಡವನು ಉಗಿಯಣ್ಣ. ಅವನು ಬೀದಿಯಲ್ಲೇನು, ಚಹಾದಂಗಡಿಯಲ್ಲಿ, ಬಸ್ಸಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ, ಎಲ್ಲ ಕಡೆ ಹೇಳಿದ್ದಾನೆ. ಫಾದರ್ ತಮ್ಮ ಗೊಂದಲವನ್ನು ಮಾತ್ರ ಹೇಳುತ್ತಾರೆ, ಅದನ್ನು ಬೇಕಾದಷ್ಟು ಹೇಳುತ್ತಾರೆ.

ಉಗಿಯಣ್ಣ ಅಂದರೆ ಬಾಯ್ಲರ್ ನೋಡಿಕೊಳ್ಳುವವನು. ಲಾಂಡ್ರಿಯಲ್ಲಿ ನೀರು ಕಾಯುವುದು, ಇಸ್ತ್ರಿ ಉರುಳೆ ಬಿಸಿಯಾಗುವುದು ಎಲ್ಲ ಅವನ ಉಗಿಯಿಂದ. ಬಾಯ್ಲರಿನ ತಲೆಯ ಮೇಲೊಂದು ಸೇಫ್ಟಿ ವಾಲ್ವ್ ಇತ್ತು. ಉದ್ದ ಕಬ್ಬಿಣದ ತೋಳು, ತುದಿಗೊಂದು ತೂಕದ ಗುಂಡು. ಒಳಗೆ ಒತ್ತಡ ಹೆಚ್ಚಾದರೆ ಆ ತೋಳು ತಾನಾಗಿ ಮೇಲೆದ್ದು ಉಗಿ ಹೊರಗೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಬಾಯ್ಲರ್ ಸಿಡಿಯುತ್ತದೆ. ಆ ವಾಲ್ವ್ ಹಳೆಯದಾಗಿ ಬೇಕಿಲ್ಲದಾಗಲೂ ಬುಸ್ ಅನ್ನುತ್ತಿತ್ತು. ಬುಸ್ ಅಂದ ಕೂಡಲೆ ಉಗಿ ಇಳಿದು ಉರುಳೆ ತಣ್ಣಗಾಗುತ್ತಿತ್ತು, ಕೆಲಸ ನಿಲ್ಲುತ್ತಿತ್ತು. ಹೊಸದು ಹಾಕಿಸಿ ಅಂತ ಉಗಿಯಣ್ಣ ಬಾಯಿ ಬಡಿದುಕೊಂಡರೂ ಮ್ಯಾನೇಜರದು "ನೋಡೋಣ" ಒಂದೇ ಉತ್ತರ. ನಿಂತ ಕೆಲಸ ಮುಗಿಸಲಿಕ್ಕೆ ಹೆಂಗಸರು ಸಂಜೆ ಉಳಿಯಬೇಕಾಗುತ್ತಿತ್ತು. ಅವರಲ್ಲಿ ಉಗಿಯಣ್ಣನ ಹೆಂಡತಿಯ ತಂಗಿಯೂ ಒಬ್ಬಳು. ಗಿಡ್ಡಮ್ಮ ಅಂತ ಕರೆಯುತ್ತಾರೆ. ಮನೆಯಲ್ಲಿ ಹಾಲು ಕುಡಿಯುವ ಮಗು ಬಿಟ್ಟು ಬರುವವಳು.

ಆ ದಿನ ಊಟದ ಹೊತ್ತಿನಲ್ಲಿ ಎಲ್ಲರೂ ಅಂಗಳದಲ್ಲಿದ್ದರು. ಫಾದರ್ ಮಾತ್ರ ವಿಂಗಡಿಸುವ ಕೋಣೆಯಲ್ಲಿ ಹೋಟೆಲಿನ ಗಂಟೊಂದರ ಮೇಲೆ ಕೂತು ಬ್ರೆಡ್ಡು ತಿನ್ನುತ್ತಿದ್ದರು. ಉಗಿಯಣ್ಣ ಬಂದು ಎದುರಿನ ಗಂಟಿನ ಮೇಲೆ ಕೂತ.

"ಫಾದರ್, ನಾನು ಚರ್ಚ್ ಕಡೆ ಬಂದು ಎಷ್ಟು ಕಾಲ ಆಯ್ತೋ. ನನ್ನ ಮದ್ವೇಲಿ ಬಂದಿದ್ದೇ ಕೊನೆ ಇರ್ಬೇಕು."

"ಪರವಾಗಿಲ್ಲ. ಬ್ರೆಡ್ ತಗೊಳಿ."

"ಬ್ರೆಡ್ ಬೇಡ. ಎದೆ ಮೇಲೆ ಒಂದು ಭಾರ ಇದೆ, ನಿಮ್ಮ ಹತ್ರ ಇಳಿಸಿಬಿಡ್ತೀನಿ. ನಿಮ್ಮಲ್ಲೇ ಇರ್ಲಿ."

ಹೇಳಿದ. ಹೊಸ ವಾಲ್ವಿಗೆ ಮ್ಯಾನೇಜರ ಹತ್ತಿರ ಎಷ್ಟೋ ಸಲ ಅಂಗಲಾಚಿ ಆಗದೆ, ವಾಲ್ವಿನ ಆ ತೋಳಿಗೆ ತಂತಿ ಸುತ್ತಿ ಒಂದು ಹಳೇ ಇಸ್ತ್ರಿಪೆಟ್ಟಿಗೆ ನೇತುಹಾಕಿದ್ದಾನೆ. ಇದ್ದಿಲು ಹಾಕುವ ಕಾಲದ್ದು, ಒಳ್ಳೇ ಭಾರ. ಈಗ ವಾಲ್ವ್ ಬುಸ್ ಅನ್ನುವುದಿಲ್ಲ. ಹೆಂಗಸರು ಹೊತ್ತಿಗೆ ಸರಿಯಾಗಿ ಮನೆಗೆ ಹೋಗುತ್ತಿದ್ದಾರೆ. ಆದರೆ ಒತ್ತಡ ತೋರಿಸುವ ಮೀಟರಿನ ಮುಳ್ಳು ಒಮ್ಮೊಮ್ಮೆ ಕೆಂಪು ಗೆರೆ ಮುಟ್ಟಿ ಬರುತ್ತದೆ.

"ತಪ್ಪು ಅಂತ ಗೊತ್ತು ಫಾದರ್. ದೇವ್ರು ಕ್ಷಮಿಸ್ತಾನಾ?"

"ಕ್ಷಮಿಸ್ತಾನೆ," ಅಂದರು ಫಾದರ್. "ಆದ್ರೂ..."

ಬೆಲ್ ಹೊಡೆಯಿತು. ಉಗಿಯಣ್ಣ ಧಡಕ್ಕನೆ ಎದ್ದು, ಗಡಿಬಿಡಿಯಲ್ಲಿ ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಂಡು ಓಡಿದ. ಫಾದರ್ ಬ್ರೆಡ್ಡು ಹಿಡಿದ ಬಲಗೈ ಎತ್ತಿಕೊಂಡು ಕೂತಿದ್ದರು. ಅದು ಆಶೀರ್ವಾದಕ್ಕೆ ಎತ್ತಿದ ಕೈಯೋ, "ನಿಲ್ಲಪ್ಪಾ" ಅನ್ನಲಿಕ್ಕೆ ಎತ್ತಿದ್ದೋ, ಅವರಿಗೇ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಿಲ್ಲ.

ಎಲ್ಲ ಗೋಳೂ ಇಲ್ಲಿಂದಲೇ. ಆಗಿದ್ದು ಪಾಪನಿವೇದನೆಯಾ, ಬರೀ ಮಾತಾ? ನಿವೇದನೆ ಕೇಳುವಾಗ ಹಾಕಿಕೊಳ್ಳುವ ಪಟ್ಟಿ ಕೊರಳಲ್ಲಿ ಇರಲಿಲ್ಲ. ಕೂತಿದ್ದು ಕೊಳೆಬಟ್ಟೆಯ ಮೇಲೆ. ಅವನು "ಪಾಪ" ಅನ್ನಲಿಲ್ಲ, "ಭಾರ" ಅಂದ. ಆದ್ರೂ ಕ್ಷಮೆ ಕೇಳಿದ. ಶಿಲುಬೆಯ ಗುರುತು ಹಾಕಿಕೊಂಡ. ಬರೀ ಮಾತಾಗಿದ್ದರೆ ಈಗಲೇ ಓಡಿಹೋಗಿ ಹೆಂಗಸರನ್ನೆಲ್ಲ ಹೊರಗೆ ಕಳಿಸಬೇಕು. ಪಾಪನಿವೇದನೆಯಾಗಿದ್ದರೆ ಮ್ಯಾನೇಜರಿಗೆ, ಹೆಂಗಸರಿಗೆ, ಯಾರಿಗೂ ಸುಳಿವು ಕೊಡುವ ಹಾಗಿಲ್ಲ. ಉಗಿಯಣ್ಣನ ಹತ್ತಿರವೇ ಹೋಗಿ "ಆ ವಿಷಯ ಏನಾಯ್ತು" ಅಂತ ಇವರಾಗಿ ಎತ್ತುವ ಹಾಗೂ ಇಲ್ಲ. ಅವನಾಗಿ ಬಂದು ಮುಂದುವರಿಸಬೇಕು. ಆ "ಆದ್ರೂ" ಆದ ಮೇಲೆ ಹೇಳಬೇಕಾಗಿದ್ದದ್ದು ಒಂದೇ ಮಾತು: ಮೊದಲು ಅದನ್ನು ಕೆಳಗಿಳಿಸು. ಅಷ್ಟು ಹೇಳಲಿಕ್ಕೆ ಬೆಲ್ಲು ಬಿಡಲಿಲ್ಲ.

ಗುರುಮಠದಲ್ಲಿ ಇದನ್ನೇ ಇವರು ಪಾಠ ಮಾಡಿದ್ದರು. ಅನುಮಾನ ಬಂದರೆ ಪಾಪನಿವೇದನೆ ಅಂತಲೇ ತಿಳಿಯಬೇಕು ಅಂತ ಹಲಗೆಯ ಮೇಲೆ ದೊಡ್ಡದಾಗಿ ಬರೆದಿದ್ದರು. ಆಗ ಹಲಗೆಯ ಪಕ್ಕದಲ್ಲಿ ಬಾಯ್ಲರ್ ಇರಲಿಲ್ಲ. ಗೋಡೆಯ ಆಚೆ ಗಿಡ್ಡಮ್ಮ ಮತ್ತು ಅವಳ ಜೋಡಿ ಉದ್ದಮ್ಮ ಹಾಸುಬಟ್ಟೆ ಮಡಚುತ್ತಿರಲಿಲ್ಲ. ಇಲ್ಲಿ ಇಬ್ಬರೂ ಎರಡೆರಡು ಮೂಲೆ ಹಿಡಿದು, ಝಾಡಿಸಿ, ಎದುರೆದುರು ನಡೆದು ಬಂದು, ಮೂಲೆಗೆ ಮೂಲೆ ಕೂಡಿಸಿ, ಮತ್ತೆ ಹಿಂದಕ್ಕೆ ಹೋಗುತ್ತಾರೆ. ಇಡೀ ದಿನ ಅದೇ. ಉದ್ದಮ್ಮ ಸ್ವಲ್ಪ ಬಗ್ಗಬೇಕು, ಗಿಡ್ಡಮ್ಮ ತುದಿಗಾಲಲ್ಲಿ ನಿಲ್ಲಬೇಕು, ಅದಕ್ಕೇ ಇಬ್ಬರೂ ದಿನಾ ಒಬ್ಬರಿಗೊಬ್ಬರು ಬೈದುಕೊಳ್ಳಬೇಕು. ಆ ಗೋಡೆಯಿಂದ ಬಾಯ್ಲರ್ ನಾಲ್ಕು ಹೆಜ್ಜೆಯೂ ಇಲ್ಲ.

ಬಡವರ ಮಾತು ಕೇಳಿಸಿಕೊಳ್ಳಿ ಅಂತ ಪುಸ್ತಕ ಬರೆದವರು ಫಾದರ್. ಕೇಳಿಸಿಕೊಂಡಾಯಿತು. ಆಮೇಲೆ ಏನು ಮಾಡಬೇಕು ಅನ್ನುವುದು ಆ ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಉಗಿಯಣ್ಣನೋ, ಭಾರ ಇಳಿಸಿಕೊಂಡು ಹಗುರಾಗಿ ಶಿಳ್ಳೆ ಹೊಡೆಯುತ್ತ ಓಡಾಡಿಕೊಂಡಿದ್ದ! ಎದುರಿಗೆ ಸಿಕ್ಕರೆ ನಕ್ಕು ಕೈ ಬೀಸುತ್ತಿದ್ದ. ಫಾದರ್ ಕಂಡವರಿಗೆಲ್ಲ ಡಿಕ್ಕಿ ಹೊಡೆಯುತ್ತಿದ್ದರು. ಬಿಳಿಯ ಜೊತೆ ಕೆಂಪು ಸೇರಿಸಿ ಹೋಟೆಲಿನ ಮೇಜುಬಟ್ಟೆಯೆಲ್ಲ ಗುಲಾಬಿ ಮಾಡಿಟ್ಟರು.

ಮನೆಯಲ್ಲಿ ಸೂಪು ಮುಂದಿಟ್ಟರೆ ಚಮಚ ಬಾಯಿಗೆ ಹೋಗುತ್ತಿರಲಿಲ್ಲ.

"ಏನಾಯ್ತೋ ನಿಂಗೆ? ಹೊಟ್ಟೆ ಸರಿ ಇಲ್ವಾ?" ಅಕ್ಕ ಹಣೆ ಮುಟ್ಟಿ ನೋಡಿದಳು.

"ಅಕ್ಕ, ಈಗ ಒಬ್ಬ ಮನುಷ್ಯ ಇದಾನೆ ಅಂದ್ಕೋ..."

"ಯಾವ ಮನುಷ್ಯ?"

"ಯಾರೂ ಇಲ್ಲ ಬಿಡು."

"ಇದಾನೆ ಅಂತೀಯ, ಯಾರೂ ಇಲ್ಲ ಅಂತೀಯ. ಇಷ್ಟು ಓದಿಸಿದ್ದು ಇದಕ್ಕಾ? ತಿನ್ನು."

ಗುರುಮಠದಲ್ಲಿ ಚರ್ಚಿನ ಕಾನೂನು ಹೇಳಿಕೊಡುವ ಹಳೆಯ ಗೆಳೆಯರೊಬ್ಬರಿದ್ದರು. ಎಲ್ಲರೂ ವಕೀಲ ಫಾದರ್ ಅನ್ನುತ್ತಿದ್ದರು. ಹೆಸರು, ಜಾಗ ಬಿಟ್ಟು ಕೇಳಿದರೆ ತಪ್ಪಿಲ್ಲ ಅಂತ ಧೈರ್ಯ ಮಾಡಿ ಫೋನ್ ಮಾಡಿದರು.

"ಒಂದು ಕಡೆ ಒಂದು ಕಾರ್ಖಾನೆ ಇತ್ತು ಅಂತ ಇಟ್ಕೋ," ಶುರುಮಾಡಿದರು.

"ಯಾವ ಕಾರ್ಖಾನೆ? ನಿಮ್ಮ ಲಾಂಡ್ರಿನಾ?"

ಫಾದರ್ ಫೋನ್ ಇಟ್ಟುಬಿಟ್ಟರು. ವಕೀಲ ಫಾದರ್ ಗಾಬರಿಯಾಗಿ ವಾಪಸು ಮಾಡಿದರು. ಎತ್ತಿದ ಅಕ್ಕ "ಅವನಿಗೆ ಹೊಟ್ಟೆ ಸರಿ ಇಲ್ಲ" ಅಂದಳು.

ಮರುದಿನ ಊಟದ ಬೆಲ್ ಆದಾಗ ಫಾದರ್ ತಮ್ಮ ಬ್ರೆಡ್ಡಿನ ಡಬ್ಬಿ ಹಿಡಿದು ಬಾಯ್ಲರ್ ಕೋಣೆಗೆ ಹೋಗಿ, ಬಕೆಟ್ ಒಂದನ್ನು ಬೋರಲು ಹಾಕಿ ಬಾಯ್ಲರಿನ ಬುಡದಲ್ಲೇ ಕೂತರು. ಯಾಕೆ ಅಂದರೆ ಅವರಿಗೇ ಸರಿಯಾಗಿ ಗೊತ್ತಿಲ್ಲ. ಬೇರೆಯವರನ್ನು ದೂರ ಕಳಿಸುವ ಹಾಗಿಲ್ಲ, ತಾನಾದರೂ ಹತ್ತಿರ ಇರಬಹುದಲ್ಲ ಅಂತ ಅನ್ನಿಸಿತಂತೆ. ಸಿಡಿದರೆ ತನಗೂ ಸಿಡಿಯಲಿ. ಹೀಗೆ ಕೂತರೂ ಅದೊಂದು ಸುಳಿವಾಗುತ್ತಾ ಅಂತ ಹೆದರಿ ಎದ್ದರು. ಬಾಗಿಲ ತನಕ ಹೋಗಿ ಮತ್ತೆ ಬಂದು ಕೂತರು. ಮೇಲೆ ನೋಡಬಾರದು ಅಂತ ನೆಲ ನೋಡಿದರು. ನೆಲವನ್ನೇ ನೋಡುತ್ತಿದ್ದರೆ ಅನುಮಾನ ಬರಲ್ವಾ ಅಂತ ಗೋಡೆ ನೋಡಿದರು.

ಹೆಂಗಸರಿಗೆ ತಮಾಷೆಯೋ ತಮಾಷೆ. "ಫಾದರ್‌ಗೆ ಚಳಿ ಹಿಡ್ದಿದೆ." "ಇಲ್ಲ ಕಣೇ, ನರಕ ಹೇಗಿರುತ್ತೆ ಅಂತ ನೋಡ್ತಿದಾರೆ, ಪುಸ್ತಕ ಬರೀತಾರೆ." ಉಗಿಯಣ್ಣನೂ ಮೊದಲು ನಕ್ಕ. ಆದರೆ ಮಾರನೇ ದಿನವೂ ಫಾದರ್ ಅಲ್ಲೇ ಕೂತಾಗ ಅವನ ಶಿಳ್ಳೆ ನಿಂತಿತು. ಅದರ ಮಾರನೇ ದಿನ ಮುಖ ಹುಳ್ಳಗಾಯಿತು. ಕಾವಲಿಗೆ ಕೂತಿದಾರಾ? ಮ್ಯಾನೇಜರಿಗೆ ಹೇಳಿಬಿಟ್ಟಿದಾರಾ? ಊಟ ಮುಗಿದು ಕೆಲಸದ ಬೆಲ್ ಆದರೂ ಫಾದರ್ ಏಳದಿದ್ದಾಗ ತಡೆಯಲಾರದೆ ಕೇಳಿಯೇಬಿಟ್ಟ.

"ಫಾದರ್, ನೀವು ಹೇಳ್ಬಿಟ್ರಾ?"

ಫಾದರ್ ಬ್ರೆಡ್ಡಿನ ಡಬ್ಬಿ ಮುಚ್ಚಿದರು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಹೊರಗೆ ಕೇಳೇ ಇಲ್ಲದವರ ಹಾಗೆ ಇರಬೇಕು, ಅದೂ ನಿಯಮವೇ. "ಏನನ್ನ?" ಅಂದರು.

"ನಾನು ನಿಮ್ಗೆ ಹೇಳಿದ್ದು!"

"ನೀವು ನಂಗೆ ಏನು ಹೇಳಿದ್ರಿ?"

"ಅಲ್ಲ, ಆವತ್ತು, ಗಂಟಿನ ಮೇಲೆ ಕೂತು..."

"ಯಾವತ್ತು?"

ಉಗಿಯಣ್ಣ ಬಾಯಿ ಬಿಟ್ಟು ನೋಡಿದ. ಅಯ್ಯೋ, ಇವರಿಗೆ ಮರೆತೇ ಹೋಗಿದೆ! ಎಷ್ಟು ಕಷ್ಟಪಟ್ಟು ಬಾಯಿಬಿಟ್ಟು ಹೇಳಿಕೊಂಡದ್ದು, ದೇವರು ಕ್ಷಮಿಸುತ್ತಾನೆ ಅಂತ ಹೇಳಿಸಿಕೊಂಡದ್ದು, ಈ ಮನುಷ್ಯನ ತಲೆಯಲ್ಲಿ ನಿಂತೇ ಇಲ್ಲವಾ? ಇವರೇ ಮರೆತರೆ ಆ ಕ್ಷಮೆಯ ಗತಿಯೇನು? ಅವನಿಗೆ ಸಿಟ್ಟು, ಭಯ, ಅಳು ಎಲ್ಲ ಒಟ್ಟಿಗೆ ಬಂತು.

"ಹೇಗೆ ಮರೀತೀರ ಫಾದರ್? ನೋಡಿ ಇಲ್ಲಿ! ಮೇಲೆ ನೋಡಿ! ಈ ವಾಲ್ವಿಗೆ ನಾನೇ ಇಸ್ತ್ರಿಪೆಟ್ಟಿಗೆ ಕಟ್ಟಿದೀನಿ ಅಂತ ಹೇಳ್ಲಿಲ್ವಾ? ಉಗಿ ಹೊರಗೆ ಹೋಗದೆ ಇರ್ಲಿ ಅಂತ ಕಟ್ಟಿದೀನಿ, ಮುಳ್ಳು ಕೆಂಪಿಗೆ ಹೋಗ್ತಿದೆ, ಇದು ಸಿಡಿದ್ರೆ ನನ್ನಿಂದ ಅಂತ ಹೇಳ್ಲಿಲ್ವಾ ನಾನು?"

ಬಾಯ್ಲರಿನ ಸದ್ದನ್ನು ಮೀರಿಸಿ ಕೂಗಿದ್ದ. ಕೂಗಿ ತಿರುಗಿದರೆ ಬಾಗಿಲಲ್ಲಿ ಉದ್ದಮ್ಮ ಮತ್ತು ಗಿಡ್ಡಮ್ಮ ನಿಂತಿದ್ದರು. ಫಾದರನ್ನು ಗೇಲಿ ಮಾಡಲಿಕ್ಕೆ ಬಂದವರು.

ಇಬ್ಬರ ಕಣ್ಣೂ ಮೇಲೆ ನೇತಾಡುತ್ತಿದ್ದ ಇಸ್ತ್ರಿಪೆಟ್ಟಿಗೆಗೆ ಹೋಯಿತು.

"ಭಾವಾ," ಅಂದಳು ಗಿಡ್ಡಮ್ಮ. ಅವಳ ದನಿ ಸಣ್ಣಗಾಗಿತ್ತು. "ಇದ್ರ ಪಕ್ಕದಲ್ಲೇ ನಿಲ್ತೀನಿ ನಾನು, ದಿನಾ."

"ನಿಂಗೋಸ್ಕರಾನೇ ಕಣೇ ಮಾಡಿದ್ದು. ಹೊತ್ತಿಗೆ ಸರಿಯಾಗಿ ಮಗು ಹತ್ರ ಹೋಗ್ಲಿ ಅಂತ..."

"ಮಗು ಹತ್ರ ಹೇಗೆ ಹೋಗ್ಲಿ? ಚೂರು ಚೂರಾಗಾ?"

ಉದ್ದಮ್ಮ ಫಾದರ್ ಕಡೆ ತಿರುಗಿದಳು. "ಫಾದರ್, ನಿಮ್ಗೆ ಗೊತ್ತಿತ್ತಾ ಇದು?"

ಫಾದರ್ ಬಕೆಟ್ಟಿನ ಮೇಲಿಂದ ಎದ್ದರು. ಈಗ ಎಲ್ಲರ ಎದುರಿಗೇ ಕೇಳಿಯಾಯಿತು, ಈಗ ಕೇಳಿದ್ದು ಪಾಪನಿವೇದನೆಯಲ್ಲ, ಇದರ ಮೇಲೆ ಮಾತಾಡಬಹುದು. ಆದರೆ ಮೊದಲೇ ಗೊತ್ತಿತ್ತಾ ಅಂತ ಕೇಳುತ್ತಿದ್ದಾಳಲ್ಲ, ಅದಕ್ಕೆ ಹೌದು ಅನ್ನುವ ಹಾಗಿಲ್ಲ, ಇಲ್ಲ ಅಂದರೆ ಸುಳ್ಳು. ತಲೆ ಪೂರ್ತಿ ಕಲಸಿಹೋಗಿ ಕೊನೆಗೆ ಅವರ ಬಾಯಿಂದ ಬಂದದ್ದು ಇಷ್ಟೇ: "ಮೊದಲು ಬೆಂಕಿ ಆರ್ಸಿ! ಎಲ್ಲ ಹೊರಗೆ ನಡೀರಿ!"

ಅವರ ಮಾತಿನಲ್ಲಿ "ಆದ್ರೂ" ಇರಲಿಲ್ಲ. ಬಹುಶಃ ಅದಕ್ಕೇ ಎಲ್ಲರಿಗೂ ಭಯವಾಯಿತು. ಉಗಿಯಣ್ಣ ಬೆಂಕಿ ಆರಿಸಿದ. ಉದ್ದಮ್ಮ ಒಳಗೆ ಓಡಿ ಕೂಗಿದಳು, ಹೆಂಗಸರೆಲ್ಲ ಕೈಯಲ್ಲಿದ್ದ ಹಾಸುಬಟ್ಟೆಗಳ ಸಮೇತ ಅಂಗಳಕ್ಕೆ ಬಂದರು. ಮುಳ್ಳು ಮೆಲ್ಲಗೆ ಇಳಿಯುವ ತನಕ ಕಾದು ಉಗಿಯಣ್ಣ ಏಣಿ ಹತ್ತಿ ತಂತಿ ಬಿಚ್ಚಿದ. ತೋಳು ಮೇಲೆದ್ದು ಉಳಿದ ಉಗಿ ಎಷ್ಟು ಜೋರಾಗಿ ಹೊರಗೆ ನುಗ್ಗಿತು ಅಂದರೆ ಬೀದಿಯ ಕೊನೆಯಲ್ಲಿದ್ದ ಅಕ್ಕನಿಗೂ ಕೇಳಿಸಿ, ಅವಳು ಕೈಯಲ್ಲಿದ್ದ ಸೌಟಿನ ಸಮೇತ ಓಡಿ ಬಂದಳು. ತಮ್ಮನು ಅಂಗಳದಲ್ಲಿ ಎರಡು ಕಾಲ ಮೇಲೆ ನಿಂತಿದ್ದು ನೋಡಿ ಬೈಯಲಿಕ್ಕೆ ಶುರುಮಾಡಿದಳು.

ಮ್ಯಾನೇಜರ್ ಬಂದ. ವಿಷಯ ತಿಳಿದ ಕೂಡಲೆ ಉಗಿಯಣ್ಣನಿಗೆ "ಈಗಲೇ ಮನೆಗೆ ಹೋಗು, ನಾಳೆಯಿಂದ ಬರಬೇಡ" ಅಂದ. ಸಾಕ್ಷಿಗೆ ಫಾದರ್ ಕಡೆ ನೋಡಿದ. ಉಗಿಯಣ್ಣನೂ ಫಾದರ್ ಕಡೆಗೇ ನೋಡಿದ. ಹೊಸ ವಾಲ್ವಿಗೆ ಎಷ್ಟು ಸಲ ಅಂಗಲಾಚಿದ್ದೆ ಅಂತ ಅವತ್ತು ಗಂಟಿನ ಮೇಲೆ ಹೇಳಿಕೊಂಡಿದ್ದನಲ್ಲ! ಫಾದರಿಗೆ ಅದು ಬಾಯಿಪಾಠ ಇತ್ತು. ಆದರೆ ಈಗಷ್ಟೇ ಕೂಗಿದ್ದರಲ್ಲಿ ಆ ಮಾತು ಇರಲಿಲ್ಲ. ಹೊರಗೆ ಬಂದದ್ದು ಅರ್ಧ, ಒಳಗೆ ಉಳಿದದ್ದು ಅರ್ಧ. ಅವನನ್ನು ಉಳಿಸುವ ಅರ್ಧವೇ ಒಳಗೆ ಉಳಿದಿದೆ. ಫಾದರ್ ಅಂಗಳದ ನಡುವೆ ಕೈ ಹಿಸುಕಿಕೊಂಡು ನಿಂತರು, ಕಣ್ಣಲ್ಲಿ ನೀರು ಬಂತು.

ಮಾತಾಡಿದ್ದು ಗಿಡ್ಡಮ್ಮ. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. "ನಮ್ಮ ಭಾವ ಮಾಡಿದ್ದು ಮಹಾ ತಪ್ಪು. ಮನೆಗೆ ಹೋದ್ಮೇಲೆ ನಮ್ಮಕ್ಕನ ಕೈಲಿ ಇದೆ ಅವ್ನಿಗೆ. ಆದ್ರೆ ವಾಲ್ವ್ ಹಾಕ್ಸಿ ಅಂತ ನಿಮ್ಮ ಮೇಜಿನ ಮುಂದೆ ನಿಂತಿದ್ದು ನಾನೇ ನೋಡಿದೀನಿ ಸಾರ್. ಹೊಸಾದು ಬರೋವರ್ಗೂ ನಾನು ಒಳಗೆ ಕಾಲಿಡಲ್ಲ."

"ನಾನೂ ಇಡಲ್ಲ," ಅಂದಳು ಉದ್ದಮ್ಮ. "ಇವ್ಳಿಲ್ದೆ ನಾನು ಯಾರ ಜೊತೆ ಮಡಚ್ಲಿ?"

ಮಡಚುವವರು ನಿಂತರೆ ಉರುಳೆಯವರು ಏನು ಮಾಡುತ್ತಾರೆ? ಅವರೂ ಕೂತರು. ಆಸ್ಪತ್ರೆಯ ಹಾಸುಬಟ್ಟೆ ಒದ್ದೆಯಾಗಿಯೇ ಉಳಿಯಿತು. ಆಸ್ಪತ್ರೆಯಿಂದ ಫೋನಿನ ಮೇಲೆ ಫೋನು. ಮ್ಯಾನೇಜರ್ ಬೆವರು ಒರೆಸಿಕೊಂಡು ಒಳಗೆ ಹೊರಗೆ ಓಡಾಡಿದ. ಎಷ್ಟೋ ತಿಂಗಳಿಂದ "ನೋಡೋಣ" ಆಗಿದ್ದ ಹೊಸ ವಾಲ್ವ್ ಎರಡೇ ದಿನದಲ್ಲಿ ಬಂದು ಕೂತಿತು. ಉಗಿಯಣ್ಣನ ಕೆಲಸವೂ ಉಳಿಯಿತು. ಅವನೊಬ್ಬನ ಕೈಗೇ ಬಾಯ್ಲರ್ ಬಿಡುವುದಿಲ್ಲ ಅಂತ ಹೆಂಗಸರು ಹಟ ಹಿಡಿದರು. ಈಗ ಬೆಂಕಿ ಹಾಕುವ ಮೊದಲು ಮಡಚುವವರಲ್ಲಿ ಇಬ್ಬರು ಹೋಗಿ ವಾಲ್ವ್ ನೋಡಿ ಬರುವುದು ಅಲ್ಲಿನ ಪದ್ಧತಿ.

ಹೊರಗೆ ಕೂತಿದ್ದ ಆ ದಿನಗಳಲ್ಲಿ ಫಾದರ್ ಹೆಂಗಸರ ಜೊತೆಯಲ್ಲೇ ಅಂಗಳದಲ್ಲಿ ಕೂತಿದ್ದರು. ಗೆದ್ದರೂ ಮುಖದಲ್ಲಿ ಕಳೆ ಇರಲಿಲ್ಲ. ಅವರನ್ನು ಹೊಸದೊಂದು ಹುಳ ಕೊರೆಯುತ್ತಿತ್ತು: "ಏನನ್ನ?" ಅಂತ ನಾನು ಕೇಳಿದ್ದು ನಿಯಮ ಪಾಲಿಸಲಿಕ್ಕಾ, ಅವನಾಗಿ ಕೂಗಿ ಹೇಳಲಿ ಅಂತ ಹೂಡಿದ ಉಪಾಯವಾ? ಉಪಾಯವಾಗಿದ್ದರೆ ಗುಟ್ಟು ಕಾಪಾಡಿದ ಹಾಗಾ, ಮುರಿದ ಹಾಗಾ? ಆ ಗಳಿಗೆಯಲ್ಲಿ ಮನಸ್ಸಿನಲ್ಲಿ ಏನಿತ್ತು ಅಂತ ಎಷ್ಟು ಕೆದಕಿದರೂ ಬಾಯ್ಲರಿನ ಸದ್ದು ಬಿಟ್ಟರೆ ಏನೂ ಸಿಗುವುದಿಲ್ಲವಂತೆ. ಬಿಷಪ್ಪರ ಹತ್ತಿರ ಹೋಗಿ ತಮ್ಮ ಪಾಲಿನದನ್ನು ತಾವು ನಿವೇದಿಸಿಕೊಂಡು ಬಂದರು. ಬಿಷಪ್ಪರು ಏನಂದರೋ ಯಾರಿಗೂ ಗೊತ್ತಿಲ್ಲ, ಅದೂ ಹೊರಗೆ ಬರುವ ಮಾತಲ್ಲವಲ್ಲ. ಆಮೇಲೆ ಗುರುಮಠದವರು ವಾಪಸು ಬಂದು ಪಾಠ ಹೇಳಿ ಅಂತ ಕರೆದರು. "ಹಲಗೆ ಮೇಲೆ ಏನು ಬರೀಬೇಕು ಅಂತ ಗೊತ್ತಾದಾಗ ಬರ್ತೀನಿ" ಅಂದರಂತೆ.

ಉಗಿಯಣ್ಣನದು ಬೇರೆಯೇ ತಕರಾರು. ಅವನಿಗೆ ಕ್ಷಮೆ ಸಿಕ್ಕಿತಾ ಇಲ್ಲವಾ ತೀರ್ಮಾನ ಆಗಬೇಕು. "ಕ್ಷಮಿಸ್ತಾನೆ ಅಂದ್ರಲ್ಲ, ಅಷ್ಟು ಸಾಕು, ಮುಗೀತು" ಅನ್ನುತ್ತಾನೆ. ಬೇಕಾದ್ರೆ ಚರ್ಚಿಗೆ ಬನ್ನಿ, ಸರಿಯಾಗಿ ಇನ್ನೊಂದು ಸಲ ಮಾಡೋಣ ಅಂತ ಫಾದರ್ ಕರೆದರೆ, "ಮೊದಲ್ನೇದು ಲೆಕ್ಕಕ್ಕೆ ಇಲ್ವಾ ಹಾಗಾದ್ರೆ? ಲೆಕ್ಕಕ್ಕೆ ಇಲ್ಲ ಅಂದ್ರೆ ಆವತ್ತೇ ಓಡಿಹೋಗಿ ಯಾಕೆ ಹೇಳ್ಲಿಲ್ಲ ನೀವು?" ಅಂತ ಮೇಲೆ ಬೀಳುತ್ತಾನೆ. ಅದಕ್ಕೆ ದೈವಶಾಸ್ತ್ರಿಗಳು "ಹೌದು, ಆದ್ರೂ..." ಅಂತ ಶುರುಮಾಡುತ್ತಾರೆ. ಇಬ್ಬರೂ ದಿನಾ ಊಟದ ಹೊತ್ತಿನಲ್ಲಿ ಇದೇ ವಿಷಯಕ್ಕೆ ಜಗಳ ಆಡುತ್ತಾರೆ, ಜಗಳ ಆಡಲಿಕ್ಕೇ ಒಟ್ಟಿಗೆ ಕೂತು ಉಣ್ಣುತ್ತಾರೆ. ಅಕ್ಕ ಈಗ ಇಬ್ಬರಿಗೂ ಸೇರಿಸಿ ಡಬ್ಬಿ ಕಟ್ಟುತ್ತಾಳೆ.

ಇಷ್ಟು ಓದಿ ನಿಮಗೆ ಏನನ್ನಿಸಿತೋ, ದಯವಿಟ್ಟು ಒಂದು ಸಲ ಹೋಗಿ ಅವರನ್ನು ನೋಡಿ. ಮುಂದಿನ ಬಾಗಿಲಿಗೆ ಹೋಗಬೇಡಿ, ಅಲ್ಲಿ ಮ್ಯಾನೇಜರ್ ಇರುತ್ತಾನೆ. ಹಿಂದಿನ ಗೇಟಿಗೆ ಹೋಗಿ. ಊಟದ ಬೆಲ್ ಆಗುವ ಸ್ವಲ್ಪ ಮೊದಲು ಹೋದರೆ ಒಳ್ಳೆಯದು. ಫಾದರ್ ನಿಮ್ಮ ಕೈಗೊಂದು ಜೊತೆ ದಪ್ಪ ಗವಸು ಕೊಟ್ಟು ಗಂಟು ಬಿಚ್ಚಲಿಕ್ಕೆ ಹಚ್ಚುತ್ತಾರೆ, ಬೇಜಾರು ಮಾಡಿಕೊಳ್ಳಬೇಡಿ, ಅವರು ಮಾತಾಡಿಸುವ ರೀತಿಯೇ ಅದು. ಗಿಡ್ಡಮ್ಮ ಎದುರಿಗಿದ್ದರೆ ಉಗಿಯಣ್ಣನ ಪರವಾಗಿ ಮಾತ್ರ ಮಾತಾಡಬೇಡಿ. ಬೆಲ್ ಆದ ಮೇಲೆ ಅವರಿಬ್ಬರ ನಡುವಿನ ಗಂಟಿನ ಮೇಲೆ ಕೂತು, ಅದು ಪಾಪನಿವೇದನೆ ಹೌದೋ ಅಲ್ಲವೋ, ನಿಮಗೆ ತೋಚಿದ್ದನ್ನು ಹೇಳಿ ಬನ್ನಿ. ಯಾರಾದರೂ ಹೇಳಲಿ ಅಂತ ಇಬ್ಬರೂ ಕಾಯುತ್ತಿದ್ದಾರೆ.